ಕೊಳಕ್ಕೆ ಹಿಡಿದ ಗಾಳಿ

ಮಹದೇವಯ್ಯನವರ ಮನೆಯ ಹಿಂದಿನ ಈಜುಕೊಳದ ತಳದಲ್ಲಿ ಅಂಗೈ ದಪ್ಪ ಕೆಸರು ಕೂತಿತ್ತು. ಅದನ್ನು ಹೀರಿ ತೆಗೆಯಬೇಕಾದ ಯಂತ್ರ ಹೀರುತ್ತಿರಲಿಲ್ಲ. ಇಷ್ಟೇ ಸಮಾಚಾರ. ಹನಕೆರೆಯ ಹಿತ್ತಲೊಂದರ ಕೆಸರಿಗೂ ಮದ್ದೂರಿನ ಹೈಸ್ಕೂಲೊಂದರ ವಿಜ್ಞಾನದ ಮೇಷ್ಟ್ರು ರಾಮಾನುಜನ ನೌಕರಿಗೂ ಯಾವ ಸಂಬಂಧವೂ ಇರಬೇಕಾಗಿರಲಿಲ್ಲ. ಆದರೆ ಮಹದೇವಯ್ಯನವರು ಆ ಹೈಸ್ಕೂಲಿನ ಕಮಿಟಿಯ ಅಧ್ಯಕ್ಷರು. ರಾಮಾನುಜ ಐದು ವರ್ಷದಿಂದ ಅಲ್ಲಿ ಹಂಗಾಮಿ. ಹಂಗಾಮಿ ಎಂದರೆ ಹಂಗಿನಲ್ಲಿರುವ ಆಸಾಮಿ ಎಂದು ಅವನು ಒಮ್ಮೆ ಸ್ಟಾಫ್ ರೂಮಿನಲ್ಲಿ ಹೇಳಿ, ಅದು ಅಧ್ಯಕ್ಷರ ಕಿವಿಗೆ ಬಿದ್ದು, ಹಂಗಿನ ಅವಧಿ ಎರಡು ವರ್ಷ ಬೆಳೆದಿತ್ತು.

ಮೇ ತಿಂಗಳು, ಬೇಸಗೆ ರಜೆ. "ಮೇಷ್ಟ್ರು ಸೈನ್ಸ್ ಓದವ್ರಲ್ಲ, ಬಂದು ಮಿಷನ್ ನೋಡ್ಬೇಕಂತೆ. ತಳದಲ್ ಸೂಜಿ ಬಿದ್ರೂ ಕಾಣಂಗಾದ್ರೆ ಖಾಯಂ ಆರ್ಡ್ರಂತೆ" ಎಂದು ಹಿಂದಿನ ಸಂಜೆಯೇ ಹೇಳಿಕಳಿಸಿದ್ದರು. ಬೆಳಗ್ಗೆ ರೈಲಿಗೆ ಹೊರಟವನ ಕೈಗೆ ಮೊಸರನ್ನದ ಡಬ್ಬಿ ಕೊಡುತ್ತ ಹೆಂಡತಿ ಪಂಕಜಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಏನೂಂದ್ರೆ, ರಿಪೇರಿ ಮಾಡಿ, ಖಾಯಂ ಆರ್ಡರ್ ಇಸ್ಕೊಳ್ಳಿ, ನೆಟ್ಟಗೆ ಮನೆಗೆ ಬನ್ನಿ. ಯಾರಿಗೂ ಏನನ್ನೂ ವಿವರಿಸೋಕೆ ಹೋಗಬೇಡಿ."

"ನಾನು ಯಾವಾಗ ಯಾರಿಗೆ..."

"ಮೊನ್ನೆ ಹಾಲಿನವಳಿಗೆ ಹಾಲು ಯಾಕೆ ಬೆಳ್ಳಗಿರುತ್ತೆ ಅಂತ ಮುಕ್ಕಾಲು ಗಂಟೆ ಹೇಳಿದ್ರಿ. ಪಾಪ, ಅವಳ ಬಿಂದಿಗೆ ಹಾಲೆಲ್ಲ ಬಿಸಿಲಿಗೆ ಒಡೆದುಹೋಯ್ತು."

ರಾಮಾನುಜ ಬಾಯಿ ಮುಚ್ಚಿಕೊಂಡು ಹೊರಟ. ಹಾಲು ಒಡೆಯುವುದು ಯಾಕೆ ಎಂಬುದನ್ನೂ ಹೇಳಬೇಕೆಂದು ಅವನ ನಾಲಿಗೆ ತುದಿಯವರೆಗೆ ಬಂದಿತ್ತು.

ಮಹದೇವಯ್ಯನವರು ಬೊಂಬಾಯಿಗೆ ಹೋಗಿದ್ದಾಗ ಹೋಟೆಲೊಂದರಲ್ಲಿ ನೀಲಿ ನೀರಿನ ಕೊಳ ನೋಡಿ, ಮನಸ್ಸನ್ನು ಅಲ್ಲೇ ಬಿಟ್ಟು ಬಂದಿದ್ದರು. ಆರು ತಿಂಗಳಲ್ಲಿ ಹಿತ್ತಲಿನಲ್ಲಿ ಇಪ್ಪತ್ತೈದಡಿ ಉದ್ದ, ಎದೆಮಟ್ಟ ಆಳದ ಕೊಳ ಎದ್ದಿತು. ಮನೆಯಲ್ಲಿ ಈಜು ಯಾರಿಗೂ ಬರುತ್ತಿರಲಿಲ್ಲ. ಅಧ್ಯಕ್ಷರು ಸಂಜೆ ದಡದಲ್ಲಿ ಕುರ್ಚಿ ಹಾಕಿಸಿಕೊಂಡು ಅದನ್ನು ನೋಡುತ್ತಿದ್ದರು. ಅವರ ತಾಯಿ ಬೆಟ್ಟಮ್ಮ ಅದೇ ದಡದಲ್ಲಿ ಮೆಣಸಿನಕಾಯಿ ಒಣಗಿಸುತ್ತಿದ್ದರು. ಕೊಳಕ್ಕೂ ಕೊಳೆಗೂ ನಡುವೆ ಒಂದು ಎತ್ವದ ಅಡ್ಡಿ ಮಾತ್ರ ಇರುವುದರಿಂದ, ಬೇಸಗೆ ಬರುವ ಹೊತ್ತಿಗೆ ಅದೂ ಉಳಿದಿರಲಿಲ್ಲ.

"ಬನ್ನಿ ಮೇಷ್ಟ್ರೆ, ನೋಡಿ ಇದ್ರ ಯೋಗ್ತೆಯ" ಎಂದರು ಮಹದೇವಯ್ಯ. ಇಸ್ತ್ರಿ ಪಂಚೆ, ಮೈಗೆ ಅತ್ತರು, ಕಾರಿನ ಬಾಗಿಲು ತೆರೆದೇ ಇತ್ತು. "ಮಂಡ್ಯದಿಂದ ದೊಡ್ಡ ಸಾಯೇಬ್ರು ನಾಕ್ ಗಂಟೆಗೆ ಬತ್ತಾವ್ರೆ. ನಾನ್ ಕರೀನಿಲ್ಲ, ಕೇಳ್ನಿಲ್ಲ. ಅವರಾಗೇ ಯೋಳ್ ಕಳ್ಸವ್ರೆ, 'ನಿಮ್ಮನೆ ಕೊಳ ನೋಡ್ಬೇಕು' ಅಂತ! ಅಂಥೋರ್ಗೆ ಈ ಬಗ್ಗಡ ತೋರ್ಸಿ ಮಾನ ಕಳ್ಕಳ್ಳಾ? ತಳದಲ್ ಸೂಜಿ ಬಿದ್ರೂ ಮ್ಯಾಲಿಂದ ಕಾಣ್ಬೇಕು. ಕಂಡ್ರೆ..." ಅವರು ಜುಬ್ಬದ ಜೇಬು ತಟ್ಟಿದರು. ಒಳಗೆ ಕಾಗದ ಸರಬರ ಎಂದಿತು. "ನಿಮ್ ಖಾಯಂ ಆರ್ಡ್ರು. ರುಜು ಆಕಿ ಮಡಗಿವ್ನಿ."

"ಕಾಣದಿದ್ದರೆ ಸಾರ್?"

"ಕಿರುಗಾವಲಿಂದ ಯಾರೋ ಬಿಎಸ್ಸಿ ಮಾಡ್ದೋನು ಅರ್ಜಿ ಆಕವ್ನೆ. ಇಸ್ಕೂಲು ಜೂನ್‌ಗೆ ತಾನೆ?"

ಕಾರು ಧೂಳೆಬ್ಬಿಸಿಕೊಂಡು ಮಂಡ್ಯದ ಕಡೆ ಹೋಯಿತು. ರಾಮಾನುಜ ಪಂಚೆ ಎತ್ತಿ ಕಟ್ಟಿದ.

ಭಯ ಒಂದು ಕಡೆಗಿರಲಿ, ನೋಡುತ್ತ ನೋಡುತ್ತ ಅವನಿಗೆ ಕುತೂಹಲವೇ ಹತ್ತಿಕೊಂಡಿತು. ಯಂತ್ರ ಎಂಬುದು ಬಹಳ ಸರಳ. ಉದ್ದ ಕೋಲಿನ ತುದಿಗೆ ಕುರುಚಲು ಕೂದಲಿನ ಒಂದು ಚಪ್ಪಟೆ ತಟ್ಟೆ. ತಟ್ಟೆಯ ಬೆನ್ನಿಗೆ ಆನೆಯ ಸೊಂಡಿಲಿನಂತೆ ಸುಕ್ಕುಸುಕ್ಕಾದ ಉದ್ದ ಪೈಪು. ಪೈಪಿನ ಇನ್ನೊಂದು ತುದಿ ಕೊಳದ ಗೋಡೆಯ ತೂತಿಗೆ. ಅಲ್ಲಿಂದ ನೆಲದೊಳಗೆ ಸಾಗಿ ಶೆಡ್ಡಿನ ಪಂಪಿಗೆ. ಪಂಪು ನೀರನ್ನು ಮರಳಿನ ಡ್ರಮ್ಮಿನಲ್ಲಿ ಸೋಸಿ ಕೊಳಕ್ಕೇ ವಾಪಸು ಕಳಿಸಬೇಕು. ಬೊಂಬಾಯಿಯಿಂದ ಬಂದಿದ್ದ ಪುಟಾಣಿ ಪಂಪು ಇಲ್ಲಿನ ಕರೆಂಟಿನ ಕುಣಿತ ತಾಳಲಾರದೆ ಒಂದೇ ವಾರದಲ್ಲಿ ಸುಟ್ಟುಹೋಗಿ, ಅದರ ಜಾಗದಲ್ಲಿ ಕಬ್ಬಿನ ಗದ್ದೆಯ ಐದು ಹಾರ್ಸ್‌ಪವರಿನ ಪಂಪು ಬಂದು ಕೂತಿತ್ತು, ಶಿಶುವಿಹಾರದ ಬೆಂಚಿನಲ್ಲಿ ಪೈಲ್ವಾನ ಕೂತ ಹಾಗೆ.

ರಾಮಾನುಜ ಗುಂಡಿ ಒತ್ತಿದ. ಮೋಟಾರು ಭೋರೆಂದಿತು. ತಟ್ಟೆ ಮಾತ್ರ ತಳದಲ್ಲಿ, ಮುನಿಸಿಕೊಂಡ ಹೊಸ ಅಳಿಯನಂತೆ ಮಲಗೇ ಇತ್ತು.

"ಗಾಳಿ ಇಡ್ಕಂಡದೆ" ಎಂದಿತು ಬೆನ್ನ ಹಿಂದೊಂದು ದನಿ.

ಪಕ್ಕದ ಗದ್ದೆಯ ತಿಮ್ಮಯ್ಯ. ಹೆಗಲ ಮೇಲೆ ಗುದ್ದಲಿ, ಬಾಯಲ್ಲಿ ಬೀಡಿ. ಇಡೀ ಹನಕೆರೆಯಲ್ಲಿ ಯಾರ ಪಂಪು ಕೆಮ್ಮಿದರೂ ಮೊದಲು ನಾಡಿ ಹಿಡಿಯುವವನು ಅವನೇ.

"ಗಾಳಿ ಎಲ್ಲಿಂದಲೋ ಸೇರುತ್ತಿದೆ, ನಿಜ" ಎಂದ ರಾಮಾನುಜ. "ಅದಕ್ಕೇ ಹೀರುತ್ತಿಲ್ಲ. ನೋಡು ತಿಮ್ಮಯ್ಯ, ಅಸಲಿಗೆ ಎಳೆಯೋದು ಅನ್ನೋದೇ ಇಲ್ಲ. ಪೈಪಿನೊಳಗೆ ಒತ್ತಡ ಕಡಿಮೆಯಾದಾಗ ಹೊರಗಿನ ಗಾಳಿ ನೀರನ್ನ ತಳ್ಳುತ್ತೆ."

ತಿಮ್ಮಯ್ಯ ಬಾಯಿಂದ ಬೀಡಿ ತೆಗೆದು ಅದನ್ನೇ ದಿಟ್ಟಿಸಿದ. "ಅಂಗಾರೆ ಇಪ್ಪತ್ತೊರ್ಸದಿಂದ ಈ ಬೀಡೀನ ನಾನ್ ಎಳೀತಿಲ್ವಾ?"

"ಇಲ್ಲ. ಗಾಳಿ ತಳ್ತಾ ಇದೆ."

"ಒಸಿ ಮನೆಗ್ ಬಂದು ನನ್ ಎಂಡ್ರುಗೂ ಯೋಳಿ ಮೇಷ್ಟ್ರೆ. ತಪ್ಪು ಗಾಳೀದು, ತಿಮ್ಮಯ್ಯುಂದಲ್ಲ ಅಂತ."

ರಾಮಾನುಜ ಪಂಕಜಮ್ಮನ ಮುಖ ನೆನಪಾಗಿ ನಾಲಿಗೆ ಕಚ್ಚಿಕೊಂಡ.

ಮೊದಲನೆಯ ಅನುಮಾನ ಸೊಂಡಿಲಿನ ಮೇಲೆ. ಅದರ ತುಂಬ ನೀರಿರಬೇಕು. ಒಣಗಾಳಿ ತುಂಬಿದ ಪೈಪನ್ನು ಸಿಕ್ಕಿಸಿದರೆ ಪಂಪು ಗಾಳಿಯನ್ನೇ ಕುಡಿಯುತ್ತದೆ. ಅವನು ದಡದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಪೈಪನ್ನು ಮೊಳ ಮೊಳವಾಗಿ ನೀರಿಗೆ ಇಳಿಸತೊಡಗಿದ. ಗುಳುಗುಳು ಎಂದು ಗುಳ್ಳೆ ಎದ್ದವು. ಗುಳ್ಳೆ ಎಷ್ಟು ಎಂದು ಬಗ್ಗಿ ನೋಡಿದ. ಇನ್ನೂ ಸ್ವಲ್ಪ ಬಗ್ಗಿದ. ಬೆಟ್ಟಮ್ಮನ ಮೆಣಸಿನಕಾಯಿ ಮೇಲೆ ಕಾಲು ಜಾರಿತು.

"ಅಯ್ಯೋ ನನ್ನಪ್ಪ! ಮೇಷ್ಟ್ರು ಒಳಕ್ಕೇ ಓದ್ರಲ್ಲಾ!" ಎಂದು ಬೆಟ್ಟಮ್ಮ ಅಡುಗೆಮನೆಯಿಂದ ಓಡಿಬಂದರು. "ಈಜ್ತಾವ್ರಾ ಮುಳುಗ್ತಾವ್ರಾ?"

"ಸೈನ್ಸ್ ಮಾಡ್ತಾವ್ರೆ ಕಣಮ್ಮ" ಎಂದ ತಿಮ್ಮಯ್ಯ, ಬೀಡಿ ಎಳೆಯುತ್ತ. ಅಥವಾ ಗಾಳಿ ತಳ್ಳುತ್ತ.

ರಾಮಾನುಜ ಎದ್ದು ನಿಂತಾಗ ಎದೆಮಟ್ಟ ನೀರು, ತಲೆಯ ಮೇಲೆ ಕೆಸರಿನ ಪೇಟ. ಆದರೂ ಬಿದ್ದದ್ದಕ್ಕೆ ಲಾಭವಾಯಿತು. ಒಳಗಿಂದಲೇ ಪೈಪನ್ನು ತೂತಿಗೆ ಸಿಕ್ಕಿಸಿದ. ತಟ್ಟೆ ಒಂದು ಕ್ಷಣ ತಳಕ್ಕೆ ಅಂಟಿ ಮಿಸುಕಿತು. ಮರುಕ್ಷಣ ಗೊರ್‌ಗೊರ್ ಎಂದು ಗೊರಕೆ ಹೊಡೆದು ಸುಮ್ಮನಾಯಿತು.

ಎರಡನೆಯ ಅನುಮಾನ ಪಂಪಿನ ಮುಂದಿನ ಜಾಲರಿ ಬುಟ್ಟಿಯ ಮೇಲೆ. ಕಸ ಕಟ್ಟಿಕೊಂಡರೂ ಹೀಗಾಗುವುದುಂಟು. ಮುಚ್ಚಳ ತೆಗೆದು ಕೈ ಹಾಕಿದ. ಬೇವಿನೆಲೆ ಬಂತು, ಸೋಪಿನ ಡಬ್ಬಿ ಬಂತು, ಕೊನೆಗೆ ಅವನ ತೋರುಬೆರಳು ಹಿಡಿದುಕೊಂಡೇ ಒಂದು ಏಡಿ ಬಂತು.

"ಆಆಆ!"

"ಒದರ್ಬೇಡಿ, ಒದರಿದ್ರೆ ಇನ್ನೂ ಬಿಗಿಯಾಗ್ ಇಡೀತದೆ" ಎಂದು ತಿಮ್ಮಯ್ಯ ಅದರ ಬೆನ್ನು ಹಿಡಿದು ಬಿಡಿಸಿದ. "ನಾಲೆ ಏಡಿ ಕಣ್ ಮೇಷ್ಟ್ರೆ ಇದು."

ಬೆರಳಿನ ನೋವು ಮರೆತು ರಾಮಾನುಜನ ಕುತೂಹಲ ಎದ್ದು ಕೂತಿತು. "ನಾಲೆ ಏಡಿ ಇಲ್ಲಿಗೆ ಹೇಗೆ ಬಂತು? ಈ ಕೊಳಕ್ಕೆ ಬಾವಿ ನೀರು ಅಲ್ವಾ?"

"ಏಡೀನೇ ಕೇಳಿ. ಅದೇ ಯೋಳ್ತದೆ." ತಿಮ್ಮಯ್ಯ ಕಾಂಪೌಂಡಿನ ಆಚೆ ಕೈ ತೋರಿಸಿದ. "ಅಗೋ, ಅದು ನಂದು ಅತ್ತು ಗುಂಟೆ. ಬತ್ತ ಒಡೆ ಬರೋ ಟೈಮು, ತೆನೆ ಕಟ್ಟೋ ಒತ್ತು. ನಾಲೇಲಿ ನಮ್ ಸರದಿ ಮುಗುದು ಅನ್ನೊಂದ್ ದಿನ ಆಯ್ತು, ನೆಲ ಬಿರುಕು ಬುಟ್ಟದೆ. ಇನ್ನೊಂದ್ ವಾರ ಯಾರೂ ನಾಲೆಗೆ ಕೈ ಆಕಂಗಿಲ್ಲ, ಕಾನೂನು. ಏಡಿಗೆ ಮಾತ್ರ ಸರದಿ ಇಲ್ಲ ನೋಡಿ, ಯಾವತ್ತ್ ಬೇಕಾದ್ರೂ ಈ ಮನೆಗ್ ಬತ್ತದೆ."

ಪಂಪಿಗೆ ತಿಳಿನೀರು ಹುಯ್ಯೋಣವೆಂದು ರಾಮಾನುಜ ಬಾವಿಗೆ ಕೊಡ ಇಳಿಬಿಟ್ಟ. ಕೊಡ ತಳದಲ್ಲಿ ಠಣ್ಣೆಂದಿತು.

"ಸಿವರಾತ್ರಿಗೇ ಬತ್ತೋಯ್ತು ಕಣಪ್ಪ" ಎಂದರು ಬೆಟ್ಟಮ್ಮ.

"ಹಾಗಾದ್ರೆ ಕೊಳಕ್ಕೆ ನೀರು ಎಲ್ಲಿಂದ ಬಂತು ಅಮ್ಮ?"

ಬೆಟ್ಟಮ್ಮನಿಗೆ ಇದ್ದಕ್ಕಿದ್ದಂತೆ ಕಿವಿ ಕೇಳದಾಯಿತು. "ಆಂ? ಸಾರಾ? ಈರೇಕಾಯ್ ಸಾರು ಇವತ್ತು" ಎಂದು ಒಳಗೆ ನಡೆದರು.

ತಿಮ್ಮಯ್ಯನೂ "ಒಂದ್ ಗಳಿಗೆ, ಬಂದೆ" ಎಂದು ಗುದ್ದಲಿ ಹೊತ್ತು ಗದ್ದೆಯ ಕಡೆ ಹೋದ.

ಹನ್ನೊಂದು ಗಂಟೆಯಾಯಿತು. ಗಾಳಿ ಎಲ್ಲಿಂದ ನುಗ್ಗುತ್ತಿದೆ? ಕಣ್ಣಿಗೆ ಕಾಣದ ಕಳ್ಳನನ್ನು ಹಿಡಿಯಲು ರಾಮಾನುಜನಿಗೆ ಒಂದು ಉಪಾಯ ಹೊಳೆಯಿತು. "ಅಮ್ಮ, ಒಂದು ಊದುಬತ್ತಿ ಕೊಡಿ."

ಈ ಸಲ ಬೆಟ್ಟಮ್ಮನಿಗೆ ಚೆನ್ನಾಗಿ ಕೇಳಿಸಿತು. ಊದುಬತ್ತಿಯ ಜೊತೆಗೆ ಅರಿಸಿನ ಕುಂಕುಮವನ್ನೂ ತಂದು ಪಂಪಿಗೆ ಇಟ್ಟು ಕೈ ಮುಗಿದರು. ರಾಮಾನುಜ ಹೊಗೆಯನ್ನು ಒಂದೊಂದೇ ಕೀಲಿನ ಹತ್ತಿರ ಹಿಡಿಯುತ್ತ ಹೋದ. ಬುಟ್ಟಿಯ ಮುಚ್ಚಳದ ಅಂಚಿಗೆ ಬಂದಾಗ, ನೆಟ್ಟಗೆ ಏಳುತ್ತಿದ್ದ ಹೊಗೆ ಬಳುಕಿ, ಸಣ್ಣ ಸಂದಿಯೊಳಗೆ ಇಲಿಯ ಬಾಲದಂತೆ ನುಸುಳಿ ಮಾಯವಾಯಿತು.

"ಸಿಕ್ತು!" ಎಂದು ಅವನು ಎಂಥ ದನಿಯಲ್ಲಿ ಕೂಗಿದನೆಂದರೆ ದಡದ ಕೋಳಿಗಳು ಗೋಡೆ ಹತ್ತಿದವು. ರಬ್ಬರ್ ವಾಷರು ಒಣಗಿ ಚಕ್ಕುಲಿಯಾಗಿತ್ತು. ಹೊಸದು ಬೇಕೆಂದರೆ ಮಂಡ್ಯಕ್ಕೆ ಹೋಗಬೇಕು.

"ಇದುಕ್ಯಾಕಪ್ಪ ಮಂಡ್ಯಾ?" ಎಂದು ಬೆಟ್ಟಮ್ಮ ಒಲೆಯ ಮೇಲಿಂದ ಆಗತಾನೆ ತೊಳಸಿದ ರಾಗಿಮುದ್ದೆಯ ಒಂದು ಉಂಡೆ ತಂದು, ಮುಚ್ಚಳದ ಸುತ್ತ ಬೆರಳಿನಿಂದ ತೀಡಿ ಮೆತ್ತಿದರು. ಸಂದಿ ಮುಚ್ಚಿತು. ಹೊಗೆ ಮತ್ತೆ ನೆಟ್ಟಗೆ ನಿಂತಿತು. ಭೌತಶಾಸ್ತ್ರದ ಯಾವ ಪುಸ್ತಕದಲ್ಲೂ ಮುದ್ದೆಯ ಈ ಗುಣ ಬರೆದಿಲ್ಲವಲ್ಲ ಎಂದು ರಾಮಾನುಜ ಬೆರಗಾದ.

ಆದರೂ ತಟ್ಟೆ ಅರೆಮನಸ್ಸಿನಲ್ಲಿ ಒಂದಿಷ್ಟು ಹೀರಿ ಬಿಟ್ಟುಬಿಡುತ್ತಿತ್ತು.

ತಿಮ್ಮಯ್ಯ ಮತ್ತೆ ಬಂದ. ಗುದ್ದಲಿಯಲ್ಲಿ ಆಗತಾನೆ ಅಗೆದ ಒಣ ಮಣ್ಣು. ಕೈಯಲ್ಲೊಂದು ಬಕೆಟ್ಟು. ಬಕೆಟ್ಟಿನಲ್ಲಿ ಕದಡಿದ ಸಗಣಿ ನೀರು.

"ಬೇಡ ತಿಮ್ಮಯ್ಯ! ಇದು ಈಜುಕೊಳ!"

"ಪಂಪ್‌ಗೇನ್ ಗೊತ್ತು ಮೇಷ್ಟ್ರೆ ಅದು ಕೊಳದ್ದೋ ಕಬ್ಬುಂದೋ ಅಂತ? ನಮ್ ಸೀಮೇಲಿ ಯಾವ ಪಂಪೂ ಸಗಣಿ ಕುಡೀದೆ ನೀರ್ ಎತ್ತಿಲ್ಲ. ಸಣ್ಣ ಸಣ್ಣ ತೂತ್ಗೆಲ್ಲ ಅದೇ ಮದ್ದು." ಹೇಳುತ್ತಲೇ ಪಂಪಿನ ತಲೆಯ ಮೇಲಿನ ತೂತಿಗೆ ಹುಯ್ದೇಬಿಟ್ಟ. "ಊಂ, ಈಗ ಅದುಮಿ ಗುಂಡಿಯ."

ರಾಮಾನುಜ ಒತ್ತಿದ. ಪಂಪು ಒಂದು ಸಲ ತೇಗಿತು. ಆಮೇಲೆ, ಇಷ್ಟವಿಲ್ಲದ ಕಷಾಯ ಕುಡಿಸಿದ ಮಗುವಿನಂತೆ ಅಷ್ಟನ್ನೂ ಫೂ ಎಂದು ಉಗಿಯಿತು. ಎದುರಿಗೆ ನಿಂತವನು ರಾಮಾನುಜ. ಮುಖದಿಂದ ಪಂಚೆಯ ಅಂಚಿನವರೆಗೆ ಅವನನ್ನು ಹೊಸದಾಗಿ ಸಾರಿಸಿದಂತಾಯಿತು; ರಂಗೋಲಿ ಒಂದು ಬಾಕಿ.

ಕೋಪ ಬರಬೇಕಾಗಿತ್ತು. ಬರಲಿಲ್ಲ. ಏಕೆಂದರೆ ಕಣ್ಣು ಒರೆಸಿಕೊಳ್ಳುವಾಗ ಅವನಿಗೊಂದು ವಿಚಿತ್ರ ಕಂಡಿತ್ತು. ಮೋಟಾರಿನ ಹಿಂಭಾಗದ ರೆಕ್ಕೆಗಳಿಗೆ ಅಂಟಿದ್ದ ಸಗಣಿ, ಗುಂಡಿ ಆರಿಸಿದ ಮೇಲೆ ಮೋಟಾರು ನಿಧಾನವಾಗುತ್ತ ನಿಲ್ಲುವಾಗ, ಎಡಕ್ಕೆ ತಿರುಗುತ್ತಿತ್ತು. ಮೋಟಾರಿನ ಮೇಲೆ ಬರೆದ ಬಾಣದ ಗುರುತು ಬಲಕ್ಕಿತ್ತು.

"ತಿಮ್ಮಯ್ಯ! ಇದು ಉಲ್ಟಾ ತಿರುಗ್ತಿದೆ!"

"ಊಂ ಮತ್ತೆ" ಎಂದ ತಿಮ್ಮಯ್ಯ ತಣ್ಣಗೆ. "ಓದ್ ವಾರ ಕಂಬದ ಮ್ಯಾಲೆ ಲೈನ್‌ಮ್ಯಾನು ತಂತಿ ಅದಲುಬದಲು ಮಾಡ್‌ಬುಟ್ಟ. ಈ ಸಾಲ್ನಾಗಿರೋ ಮೋಟ್ರೆಲ್ಲ ಉಲ್ಟಾನೇ ಸುತ್ತುದ್ವು. ನಂದ್ನ ಅವತ್ತೇ ಸರಿ ಮಾಡ್ಕಂಡೆ." ಸೊಂಟದಿಂದ ಒಂದು ತಿರುಪುಳಿ ತೆಗೆದ. ಬೆಳಗಿನಿಂದ ಅಲ್ಲೇ ಇತ್ತು. ಕರೆಂಟು ಆರಿಸಿ, ಸ್ಟಾರ್ಟರಿನ ಎರಡು ತಂತಿಗಳನ್ನು ಅದಲುಬದಲು ಮಾಡಲು ಅವನಿಗೆ ಎರಡು ನಿಮಿಷವೂ ಬೇಕಾಗಲಿಲ್ಲ.

ಬೆಳಗ್ಗೆಯೇ ಯಾಕೆ ಹೇಳಲಿಲ್ಲ ಎಂದು ಕೇಳಬೇಕಿತ್ತು. ಸದಾ 'ಯಾಕೆ' ಎನ್ನುವ ರಾಮಾನುಜ ಆ ಒಂದು 'ಯಾಕೆ'ಯನ್ನು ಮಾತ್ರ ಮರೆತ.

"ಇನ್ನೊಂದ್ ಮಾತು" ಎಂದ ತಿಮ್ಮಯ್ಯ, ಡ್ರಮ್ಮಿನ ಪಕ್ಕದ ವಾಲ್ವಿನ ಮೇಲೆ ಕೈಯಿಟ್ಟು. "ಈ ಬಗ್ಗಡ ಮರಳಲ್ಲಿ ಸೋಸಾಕಿಲ್ಲ. ಅಂಗೇ ಕೊಳಕ್ ವಾಪಸ್ ಬಂದು ಇನ್ನೂ ಕದಡ್ತದೆ. ಒರಕ್ಕೆ ಬುಡನ. ಆ ಕಡೆ ಪೈಪ್ ಅದಲ್ಲ."

ನೂರಕ್ಕೆ ನೂರು ಸರಿಯಾದ ಮಾತು. "ಭೇಷ್ ತಿಮ್ಮಯ್ಯ!" ಎಂದು ರಾಮಾನುಜನೇ ವಾಲ್ವು ತಿರುಗಿಸಿ, ಗುಂಡಿ ಒತ್ತಿದ.

ಆಹಾ! ಸೊಂಡಿಲು ಬಿಗಿದುಕೊಂಡಿತು. ತಟ್ಟೆ ತಳಕ್ಕೆ ಜಿಗಣೆಯಂತೆ ಕಚ್ಚಿತು. ರಾಮಾನುಜ ಕೋಲು ಹಿಡಿದು ದಡದುದ್ದಕ್ಕೂ ನಡೆದ. ತಟ್ಟೆ ಹೋದಲ್ಲೆಲ್ಲ ಕಂದು ಕೆಸರಿನ ನಡುವೆ ನೀಲಿ ರಸ್ತೆ ತೆರೆಯಿತು. ಅರ್ಧ ಗಂಟೆಯಲ್ಲಿ ಮೂಲೆ ಮೂಲೆಯೂ ಮುಗಿಯಿತು. ಬೆಟ್ಟಮ್ಮನ ಹತ್ತಿರ ಗೋಣಿ ಹೊಲಿಯುವ ಸೂಜಿ ಇಸಿದುಕೊಂಡು ಕೊಳಕ್ಕೆ ಹಾಕಿದ. ಸೂಜಿ ಓಲಾಡುತ್ತ ಇಳಿದು ತಳದಲ್ಲಿ ಮಲಗಿ ಫಳ್ಳೆಂದಿತು.

ಕಂಡಿತು! ಸೂಜಿ ಕಂಡಿತು, ಸೂಜಿಯ ಕಣ್ಣೂ ಕಂಡಿತು. ಆ ಕಣ್ಣಿನೊಳಗೆ ಅವನಿಗೆ ಖಾಯಂ ಆರ್ಡರು ಕಂಡಿತು, ಪಂಕಜಮ್ಮನ ನಗುಮುಖ ಕಂಡಿತು.

ಗಂಟೆ ಎರಡೂವರೆ. ನೀರು ಒಂದಡಿ ಇಳಿದಿತ್ತು. ಅವನು ಮೋಟಾರು ಆರಿಸಲು ಶೆಡ್ಡಿನ ಕಡೆ ತಿರುಗಿದ.

"ಇನ್ನೊಂದ್ ಗಳಿಗೆ ಓಡ್ಲಿ ಬುಡಿ, ಪೈಪಲ್ಲಿರೋ ಕೊಳೆ ಓಗ್ಲಿ" ಎಂದು ತಿಮ್ಮಯ್ಯ ಬೇವಿನ ಮರದ ಕೆಳಗೆ ಟವೆಲು ಹಾಸಿದ. ಎಳನೀರು ಕೆತ್ತಿ, ಪರಂಗಿ ಗಿಡದ ಕಡ್ಡಿಯೊಂದನ್ನು ಸಿಕ್ಕಿಸಿ ಕೊಟ್ಟ. ಮೇಷ್ಟರ ಬೆನ್ನು ಕೊಳದ ಕಡೆ ಬರುವಂತೆ ತಾನು ಎದುರಿಗೆ ಕೂತ. ಆಮೇಲೆ ತಲೆ ಕೆರೆದುಕೊಂಡು ಕೇಳಿದ:

"ಮೇಷ್ಟ್ರೆ, ನಮ್ ತಾತುನ್ ಬಾವಿ ನಲವತ್ತಡಿ. ಪಂಪ್ನ ಮ್ಯಾಲೆ ಮಡಗಿದ್ರೆ, ತಿಪ್ಪರಲಾಗ ಆಕಿದ್ರೂ ನೀರ್ ಬರಾಕಿಲ್ಲ. ಅದೇ ಪಂಪ್ನ ಬಾವಿ ಒಳೀಕ್ ಇಳ್ಸಿದ್ರೆ ಜೋರಾಗ್ ಬತ್ತದೆ. ಅದ್ಯಾಕೆ?"

ರಾಮಾನುಜ ಎಳನೀರು ಕೆಳಗಿಟ್ಟ.

ಐದು ವರ್ಷ. ಐದು ವರ್ಷದಿಂದ ಮದ್ದೂರಿನ ತರಗತಿಯಲ್ಲಿ ಒಬ್ಬನೇ ಒಬ್ಬ ಕೇಳಿದ ಪ್ರಶ್ನೆಯೆಂದರೆ "ಸಾರ್, ಬೆಲ್ ಹೊಡೀತಾ?" ಎಂಬುದು. ಇವತ್ತು, ಈ ಬೇವಿನ ಮರದಡಿ, ಬೀಡಿ ಸೇದುವ ಒಬ್ಬ ಮನುಷ್ಯ ಗಾಳಿಯ ಭಾರದ ಬುಡಕ್ಕೇ ಕೈ ಹಾಕಿದ್ದಾನೆ! ಎಲ್ಲೋ ದೂರದಿಂದ 'ವಿವರಿಸಬೇಡಿ' ಎಂಬ ದನಿ ಬಂತು. ಬಂದದ್ದು ಹಾಗೇ ಹೋಯಿತು.

"ಕೇಳು ತಿಮ್ಮಯ್ಯ. ನಮ್ಮ ತಲೆ ಮೇಲೆ ಗಾಳಿಯ ಒಂದು ದೊಡ್ಡ ಸಮುದ್ರ ಇದೆ..."

ಎಳನೀರಿನ ಬುರುಡೆ ಬಾವಿಯಾಯಿತು, ಪರಂಗಿ ಕಡ್ಡಿ ಪೈಪಾಯಿತು. ನೆಲದಲ್ಲಿ ಕಡ್ಡಿಯಿಂದ ಚಿತ್ರ ಬಿತ್ತು. ಗಾಳಿ ಎಷ್ಟೇ ತಳ್ಳಿದರೂ ಮೂವತ್ತಡಿ ಚಿಲ್ಲರೆಗಿಂತ ಮೇಲಕ್ಕೆ ನೀರನ್ನು ಹೊರಲಾರದು ಎಂದಾಗ ತಿಮ್ಮಯ್ಯ "ಅಬ್ಬಬ್ಬಬ್ಬಾ" ಎಂದು ತೊಡೆ ತಟ್ಟಿದ. ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಪ್ರಶ್ನೆ. "ಅಂಗಾರೆ ಬೆಟ್ಟದ್ ಮ್ಯಾಲೆ ಗಾಳಿ ಕಮ್ಮಿ ಅಲ್ವಾ, ಅಲ್ಲೆಷ್ಟಡಿ?" ಇಂಥ ಶಿಷ್ಯ! ರಾಮಾನುಜನ ಕಣ್ಣು ತೇವವಾಯಿತು. ಬೆಟ್ಟಮ್ಮ ಒಮ್ಮೆ ಬಂದು ಕೊಳ ನೋಡಿ, ತಿಮ್ಮಯ್ಯನನ್ನು ನೋಡಿ, ಬಾಯಿ ತೆರೆದು, "ನಂಗ್ಯಾಕಪ್ಪ" ಎಂದು ಒಳಗೆ ಹೋದರು.

ಹಿಂದಿನಿಂದ ಒಂದು ಸದ್ದು ಬಂತು. ಸೊರ್... ಸೊರ್ರ್... ಸೊರ್ರ್ರ್.

"ಕೇಳಿದೆಯಾ!" ಎಂದ ರಾಮಾನುಜ ಹಿಗ್ಗಿನಿಂದ, ತಿರುಗದೆ. "ಎಳನೀರು ಖಾಲಿಯಾಗಿ ಕಡ್ಡಿಗೆ ಗಾಳಿ ನುಗ್ಗಿದರೆ ಇದೇ ಸದ್ದು."

ರಾಮಾನುಜ ತನ್ನ ಎಳನೀರು ನೋಡಿದ. ಅದು ತುಂಬಿಯೇ ಇತ್ತು.

ನಿಧಾನವಾಗಿ ಹಿಂದಕ್ಕೆ ತಿರುಗಿದ.

ಇಪ್ಪತ್ತೈದಡಿಯ ಕೊಳದಲ್ಲಿ ಹಲ್ಲುಜ್ಜಿ ಬಾಯಿ ಮುಕ್ಕಳಿಸುವಷ್ಟು ನೀರಿರಲಿಲ್ಲ. ಒಣ ನೆಲದ ನಡುವೆ ತಟ್ಟೆ ನಾಲಿಗೆ ಚಾಚಿ ಸೊರಗುಟ್ಟುತ್ತಿತ್ತು. ಅದರ ಪಕ್ಕ ಬೆಟ್ಟಮ್ಮನ ಸೂಜಿ. ಕಾಂಪೌಂಡಿನ ಆಚೆ, ಬೆಳಗಿನಿಂದ ತಿಮ್ಮಯ್ಯನ ಗುದ್ದಲಿ ತೆಗೆದ ಹೊಸ ಕಾಲುವೆಯ ಕೊನೆಯಲ್ಲಿ, ಹತ್ತು ಗುಂಟೆ ಭತ್ತ ಕಾಲುಗಂಟಿನವರೆಗೆ ನೀರಲ್ಲಿ ನಿಂತು ತೂಗುತ್ತಿತ್ತು. ಆಗಲೇ ಎರಡು ಕೊಕ್ಕರೆ ಬಂದಿದ್ದವು.

"ತಿಮ್ಮಯ್ಯಾ!"

"ಒಡೆ ಬರೋ ಟೈಮು ಮೇಷ್ಟ್ರೆ" ಎಂದ ತಿಮ್ಮಯ್ಯ ಮೆಲ್ಲಗೆ. "ಆದ್ರೆ ಪಾಟ ಚೆನ್ನಾಗಿತ್ತು. ಸುಳ್ಳಲ್ಲ."

ರಾಮಾನುಜ ಓಡಿಹೋಗಿ ಮೋಟಾರು ಆರಿಸುವುದಕ್ಕೂ ಕಾರು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಕಾರಿನ ಹಿಂದೆ ಒಂದು ಜೀಪು. ಜೀಪಿನಿಂದ ಇಳಿದ ಸಾಹೇಬರು ಕನ್ನಡಕದವರು, ಕಂಕುಳಲ್ಲಿ ಫೈಲು. ಈಜುವ ಉಡುಪು ತಂದಂತೆ ಕಾಣಲಿಲ್ಲ.

"ಬನ್ನಿ ಸ್ವಾಮಿ, ನಮ್ ಬಡವುರ್ ಮನೆ" ಎಂದು ಮಹದೇವಯ್ಯನವರು ದಾರಿ ಬಿಟ್ಟರು.

"ನಾನು ಚೂಡಾಮಣಿ, ನಾಲೆ ಇಂಜಿನಿಯರು" ಎಂದು ಸಾಹೇಬರು ಅಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿ, ಫೈಲಿನಿಂದ ಒಂದು ಕಾಗದ ತೆಗೆದರು. "ಮಂಡ್ಯದಲ್ಲೇ ಹೇಳೋದು ಬೇಡ ಅಂತ ಸುಮ್ಮನಿದ್ದೆ ಮಹದೇವಯ್ಯನವರೇ. ಮೂರು ತಿಂಗಳ ಹಿಂದೆ ಒಂದು ಮೂಗರ್ಜಿ ಬಂದಿದೆ. ನೀವು ಸರದಿ ಇಲ್ಲದ ದಿನ ನಾಲೆ ನೀರು ಕದ್ದು ಮನೆ ಹಿಂದೆ ಕೊಳ ತುಂಬಿಸಿದ್ದೀರಂತೆ. ಆ ಕೊಳ ನೋಡಬೇಕಲ್ಲ?"

ಮಹದೇವಯ್ಯನವರ ಮುಖ, ಬೆಳಗಿನ ಕೊಳದ ನೀರಿನ ಬಣ್ಣಕ್ಕೆ ಬಂತು. ತಿಮ್ಮಯ್ಯ ಆ ಕಾಗದ ಕಂಡು, ಬಹಳ ದಿನದ ಮೇಲೆ ಬಂದ ನೆಂಟನನ್ನು ಕಂಡವನಂತೆ ಮೊದಲು ಹಿಗ್ಗಿದ. ಮರುಕ್ಷಣವೇ ಖಾಲಿ ಕೊಳ ನೋಡಿ, ನೆಂಟ ಬರುವ ದಿನವೇ ಅನ್ನ ಖಾಲಿ ಮಾಡಿದವನಂತೆ ಪೆಚ್ಚಾದ.

ಎಲ್ಲರೂ ಹಿತ್ತಲಿಗೆ ಬಂದರು. ಮಹದೇವಯ್ಯನವರು ಕೊಳದೊಳಗೆ ಇಣುಕಿದರು. ಕಣ್ಣುಜ್ಜಿಕೊಂಡರು. ಮತ್ತೆ ಇಣುಕಿದರು. ಆಮೇಲೆ ಅವರ ಎದೆ ಒಂದೊಂದೇ ಅಂಗುಲ ಉಬ್ಬಿತು.

"ಎಲ್ಲದೆ ಸ್ವಾಮಿ ನೀರು? ತೊಟ್ಟು ತೋರ್ಸಿ! ತಳದಲ್ ಸೂಜಿ ಬಿದ್ದದೆ, ಅದೂ ಕಾಣ್ತದೆ. ಕೆಲ್ಸ ಇಲ್ದೋರು ಅರ್ಜಿ ಬರೀತಾರೆ, ದೊಡ್ಡೋರ್ಗೆ ತೊಂದ್ರೆ." ಹೇಳುತ್ತ ರಾಮಾನುಜನ ಕಡೆ ಒಂದು ನೋಟ ಬಿಟ್ಟರು. ಆ ನೋಟದಲ್ಲಿ ಪ್ರೀತಿ ಎಷ್ಟಿತ್ತೆಂದರೆ ಸಗಣಿ ಮೆತ್ತಿದ ಮೇಷ್ಟರನ್ನು ಅಪ್ಪಿಕೊಂಡೇಬಿಡುತ್ತಾರೋ ಎನ್ನಿಸಿತು. ಕೈ ಜುಬ್ಬದ ಜೇಬು ತಟ್ಟಿತು. ಸರಬರ.

ಇಂಜಿನಿಯರ ಕಣ್ಣು ಮಾತ್ರ ಕಾಂಪೌಂಡಿನ ಆಚೆ ನಿಂತಿತ್ತು. "ಆ ಗದ್ದೆ ಯಾರದು? ಸರದಿ ಮುಗಿದು ಹನ್ನೊಂದು ದಿನ. ಊರೆಲ್ಲ ಒಣಗಿದೆ, ಅಲ್ಲಿ ಕೊಕ್ಕರೆ ಆಡ್ತಿವೆ!"

"ಗದ್ದೆ ನಂದೇ ಸ್ವಾಮಿ" ಎಂದ ತಿಮ್ಮಯ್ಯ ಕೈಮುಗಿದು. "ಆದ್ರೆ ದೇವ್ರಾಣೆ, ನೀರ್ ಬುಟ್ಟೋನು ನಾನಲ್ಲ. ವಾಲು ತಿರುಗ್ಸಿದ್ದೂ ಗುಂಡಿ ಅದುಮಿದ್ದೂ ಮೇಷ್ಟ್ರು. ಕೇಳಿ ಬೇಕಾದ್ರೆ."

ಇಂಜಿನಿಯರು ಮೋಟಾರಿನ ಮೇಲೆ ಕೈಯಿಟ್ಟು ಚುರ್ರೆಂದು ತೆಗೆದರು. "ಮೋಟರ್ ಹಾಕಿದ್ದು ನೀವೇನ್ರೀ?"

"ಹೌದು ಸಾರ್, ಆದರೆ..."

"ಎಲ್ಲಿಂದ ಎತ್ತಿದಿರಿ ನೀರನ್ನ?"

ಕೊಳದಿಂದ ಎಂದರೆ, ಬಾವಿ ಒಣಗಿದ ಮನೆಯ ಕೊಳಕ್ಕೆ ನೀರೆಲ್ಲಿಂದ ಬಂತು ಎಂಬ ಪ್ರಶ್ನೆ ಬರುತ್ತದೆ. ಅಧ್ಯಕ್ಷರು ಮುಳುಗುತ್ತಾರೆ, ಜೇಬಿನ ಕಾಗದದ ಸಮೇತ. ಇನ್ನುಳಿದದ್ದು ಒಂದೇ ಜಾಗ. ರಾಮಾನುಜ ಮಹದೇವಯ್ಯನವರನ್ನು ನೋಡಿದ. ಅವರು ಸಾಹೇಬರ ಬೆನ್ನ ಹಿಂದೆ ನಿಂತು ಜೇಬನ್ನು ಮಗುವಿನ ಬೆನ್ನಿನಂತೆ ಸವರುತ್ತಿದ್ದರು.

"ನಾ... ನಾಲೆಯಿಂದ ಸಾರ್."

ಮಹದೇವಯ್ಯನವರು ಉಸಿರು ಬಿಟ್ಟರು. ಇಂಜಿನಿಯರು ಪೆನ್ನು ತೆಗೆದು ಒಂದು ಫಾರಮ್ಮು ತುಂಬತೊಡಗಿದರು. "ಅಕ್ರಮವಾಗಿ ನಾಲೆ ನೀರೆತ್ತಿದವರು... ಹೆಸರು? ರಾಮಾನುಜ. ಉದ್ಯೋಗ? ಉಪಾಧ್ಯಾಯರು. ಛೆ, ಮೇಷ್ಟ್ರಾಗಿ ಹೀಗಾ? ಮಹದೇವಯ್ಯನವರೇ, ಇವರು ನಿಮ್ಮ ಸ್ಕೂಲಿನವರಲ್ವಾ? ಖಾಯಮ್ಮಾ, ಹಂಗಾಮಿನಾ?"

ರಾಮಾನುಜನ ಎದೆ ಐದು ಹಾರ್ಸ್‌ಪವರಿನಲ್ಲಿ ಬಡಿಯಿತು. ಮಹದೇವಯ್ಯನವರು ಜೇಬಿಗೆ ಕೈ ಹಾಕಿದರು. ಆರ್ಡರು ಹೊರಗೆ ಬಂತು. ಅದರ ಮೇಲಿನ ರುಜುವಿನ ಬಾಲವೂ ಕಂಡಿತು.

"ಇವತ್ತು ಖಾಯಂ ಮಾಡ್ಬೇಕು ಅಂತಿದ್ದೆ ಸ್ವಾಮಿ. ನೋಡಿ, ರುಜುನೂ ಆಕಿದ್ದೆ" ಎಂದು ಅದನ್ನು ಸಾಹೇಬರ ಮುಂದೆಯೇ ಎರಡಾಗಿ, ನಾಲ್ಕಾಗಿ ಹರಿದರು. "ರೈತ್ರು ನೀರ್‌ಗೆ ಬಾಯ್ ಬಾಯ್ ಬುಡ್ತಾ ಇರೋ ಕಾಲ್ದಲ್ಲಿ ನಾಲೆ ನೀರ್ ಕದಿಯೋನ್ನ ಖಾಯಂ ಮಾಡ್ಕಂಡ್ರೆ, ಮಕ್ಳು ಏನ್ ಕಲೀತವೆ? ಹಂಗಾಮಿ ಅಂತ ಬರ್ಕಳಿ. ಅದೂ ಮೇ ಮೂವತ್ತೊಂದರವರ್ಗೆ."

"ಶಹಬ್ಬಾಸ್" ಎಂದರು ಇಂಜಿನಿಯರು. "ನಿಮ್ಮಂಥವರ ಮೇಲೆ ಮೂಗರ್ಜಿ ಬರೀತಾರಲ್ಲ." ಹೊರಡುವಾಗ ಗದ್ದೆಯ ಕಡೆ ಇನ್ನೊಮ್ಮೆ ನೋಡಿ ಹುಬ್ಬು ಗಂಟಿಕ್ಕಿದರು. "ಹರಿದುಹೋದ ನೀರನ್ನ ವಾಪಸು ಎಳೆಯೋಕಂತೂ ಆಗಲ್ಲ."

"ಎಳೆಯೋದು ಅನ್ನೋದೇ ಇಲ್ವಂತೆ ಸ್ವಾಮಿ" ಎಂದ ತಿಮ್ಮಯ್ಯ ವಿನಯದಿಂದ. "ಮೇಷ್ಟ್ರು ಯೋಳವ್ರೆ."

ಜೀಪು ಹೋಯಿತು. ಮಹದೇವಯ್ಯನವರು ಮುಖ ಮರೆಸಿಕೊಂಡು ಒಳಗೆ ನಡೆದರು. ತಿಮ್ಮಯ್ಯ ಗುದ್ದಲಿ ಹೊತ್ತು ಬದು ನೋಡಲು ಹೊರಟ. ರಾಮಾನುಜ ಚಪ್ಪಲಿ ಹುಡುಕುತ್ತಿದ್ದಾಗ ಬೆಟ್ಟಮ್ಮ ಬಾಗಿಲಿಂದ ಕೂಗಿದರು:

"ಮೇಷ್ಟ್ರೆ, ನನ್ ಸೂಜಿ?"

ಅವನು ಒಣಕೊಳಕ್ಕೆ ಇಳಿದು, ಸೂಜಿ ಹೆಕ್ಕಿ ಕೊಟ್ಟು, ಸ್ಟೇಷನ್ನಿನ ಕಡೆ ನಡೆದ.

ದೀಪ ಹಚ್ಚುವ ಹೊತ್ತಿಗೆ ಮದ್ದೂರಿನ ಮನೆಯ ಬಾಗಿಲು ತೆರೆಯಿತು. ಪಂಕಜಮ್ಮ ಗಂಡನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ತಲೆಯಲ್ಲಿ ಒಣಗಿದ ಕೆಸರು, ಬೆರಳಲ್ಲಿ ಏಡಿಯ ಕಚ್ಚು, ಪಂಚೆಯಲ್ಲಿ ಸಗಣಿ. ಮೊಸರನ್ನದ ಡಬ್ಬಿ ತೆರೆದೇ ಇರಲಿಲ್ಲ.

"ಮಿಷನ್ ಸರಿಹೋಯ್ತಾ?"

"ಹೋಯ್ತು. ಬಹಳ ಚೆನ್ನಾಗಿ."

"ಸೂಜಿ ಬಿದ್ರೂ ಕಾಣಬೇಕು ಅಂತ ಹೇಳಿಕಳಿಸಿದ್ರಲ್ಲ?"

"ಸೂಜಿನೂ ಕಾಣ್ತು."

ಪಂಕಜಮ್ಮ ಖಾಲಿ ಕೈಗಳನ್ನು ನೋಡಿದಳು, ಖಾಲಿ ಜೇಬನ್ನು ನೋಡಿದಳು. ಆಮೇಲೆ ಬಾಗಿಲ ಚೌಕಟ್ಟಿಗೆ ಒರಗಿ ನಿಟ್ಟುಸಿರು ಬಿಟ್ಟಳು.

"ಸರಿ. ಯಾರಿಗೆ ಪಾಠ ಮಾಡಿದ್ರಿ?"